ಗಿಟಾರಿನೊಳಗಿನ ಸಾಹಿತ್ಯ

ಮಾನ್ಯ ಸಂಪಾದಕರೇ,

ಎರಡು ವಾರಗಳ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ದಕ್ಷಿಣ ಸ್ಪೇನಿನ ಆಂದಲೂಸಿಯಾ ಪ್ರಾಂತ್ಯದ ಹಾಡು, ಕುಣಿತಗಳ ಕಲೆಯಾದ ಫ್ಲಮೆಂಕೊದ ಗಿಟಾರ್ ವಾದಕ ಪಾಕೊ ದೆ ಲುಸಿಯಾ ಅವರನ್ನು ಕುರಿತು ಪ್ರಕಟವಾದ ಪರಿಚಯ ಲೇಖನವನ್ನೂ ಕಳೆದ ವಾರ ಅದಕ್ಕೆ ಪ್ರತಿಕ್ರಿಯೆಯಾಗಿ ಬಂದ ಎರಡು ಪತ್ರಗಳನ್ನೂ ಓದಿದೆ. ಕನ್ನಡ ಪತ್ರಿಕೆಯೊಂದು ಈ ಕಲಾವಿದರಿಗೆ ಅರ್ಧ ಪುಟ ಕೊಟ್ಟಿತೆಂಬ ಸಂತೋಷ ನನಗಿದೆ. ಆದರೆ ಲೇಖಕರು ಅವರ ಕೊನೆಯ ಆಲ್ಬಮ್ಮಾದ 'ಕನ್ಸಿಯೋನ್ ಅಂದಲೂಸಾ'ವನ್ನು (ಆಂದಲೂಸಿಯಾದ ಹಾಡು) ಒಂದೇ ಸಾಲಿನಲ್ಲಿ, ಹಳೆಯ ಜನಪ್ರಿಯ ಹಾಡುಗಳ ಸಪ್ಪೆ ಮರುವಾದನವೆಂದು ತಳ್ಳಿಹಾಕಿದ್ದಾರೆ. ಪತ್ರ ಬರೆದ ಇಬ್ಬರಲ್ಲಿ ಒಬ್ಬರು ಅದನ್ನು ಒಪ್ಪಿ, ಹಣ ಕೊಟ್ಟು ಕೊಂಡು ಮೋಸಹೋದೆನೆಂದು ಬರೆದಿದ್ದಾರೆ. ಇನ್ನೊಬ್ಬರು ಅದು ಸಾವನ್ನು ಮುಂಗಂಡ ಕಲಾವಿದನ ವಿದಾಯಗೀತೆಯೆಂದೂ ಕೇಳುತ್ತ ಕಣ್ಣೀರು ಹಾಕಿದೆನೆಂದೂ ಬರೆದಿದ್ದಾರೆ. ಮೂವರ ಅಭಿಪ್ರಾಯಗಳೂ ಬೇರೆಬೇರೆ ದಿಕ್ಕಿಗಿದ್ದರೂ ಮೂವರೂ ಒಂದು ಪ್ರಶ್ನೆಯನ್ನು ಕೇಳಿಕೊಂಡಿಲ್ಲವೆಂದು ನನಗೆ ತೋರುತ್ತದೆ: ಆ ಗಿಟಾರು ಯಾವ ಮಾತನ್ನು ನುಡಿಯುತ್ತಿದೆ? ಈ ಪತ್ರ ಆ ಪ್ರಶ್ನೆಯ ಕುರಿತಾದದ್ದು. ಸ್ವಲ್ಪ ದೀರ್ಘವಾಗಿದ್ದರೆ ಕ್ಷಮಿಸಬೇಕು.

ಮೊದಲು ಕಣ್ಣೀರಿನ ವಿಷಯ. ಪಾಕೊ ದೆ ಲುಸಿಯಾ 2014ರ ಫೆಬ್ರವರಿ 25ರಂದು ಮೆಕ್ಸಿಕೋದ ಪ್ಲಾಯಾ ದೆಲ್ ಕಾರ್ಮೆನ್ ಎಂಬ ಕಡಲತೀರದ ಊರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 66 ವರ್ಷ. ಆಲ್ಬಮ್ ಅಷ್ಟರಲ್ಲಾಗಲೇ ಸಿದ್ಧವಾಗಿತ್ತು. ಏಪ್ರಿಲ್ ತಿಂಗಳ ಕೊನೆಯಲ್ಲಿ ಬಿಡುಗಡೆಯಾಯಿತು. ಅಂದರೆ ಅದನ್ನು ನುಡಿಸಿದವರಿಗೆ ಅದು ಕೊನೆಯದೆಂಬುದು ತಿಳಿದಿರಲಿಲ್ಲ. 2004ರ 'ಕೋಸಿತಾಸ್ ಬುಯೆನಾಸ್' ನಂತರ ಹತ್ತು ವರ್ಷಕ್ಕೆ ಬಂದ ಸ್ಟುಡಿಯೋ ಆಲ್ಬಮ್ ಅದು, ಅಷ್ಟೆ. ನಡುವೆ ಕಚೇರಿಗಳ ಧ್ವನಿಮುದ್ರಣವೊಂದು ಬಂದಿತ್ತು. 'ಕೊನೆಯ' ಎಂಬ ವಿಶೇಷಣವನ್ನು ಸಾವು ಹಚ್ಚಿತು, ಕಲಾವಿದರಲ್ಲ. ನಾವು ಕೇಳುಗರು ಮಾತ್ರ ಆ ವಿಶೇಷಣವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಲು ಕೂರುತ್ತೇವೆ. ಹಾಗೆ ಕೂತವರಿಗೆ ಪ್ರತಿಯೊಂದು ಮೌನವೂ ಮುನ್ಸೂಚನೆಯಾಗಿ ಕೇಳಿಸುತ್ತದೆ, ಇಲ್ಲವೇ ನಿರೀಕ್ಷಿಸಿದ ಮಹಾಕೃತಿ ಸಿಗಲಿಲ್ಲವೆಂಬ ಸಿಟ್ಟು ಬರುತ್ತದೆ. ನಿಮ್ಮ ಲೇಖಕರ ಸಿಟ್ಟಿಗೂ ಆ ಓದುಗರ ಕಣ್ಣೀರಿಗೂ ಮೂಲ ಒಂದೇ ಎಂದು ನಾನು ಭಾವಿಸುತ್ತೇನೆ.

ಹಾಗಾದರೆ ಆ ಆಲ್ಬಮ್ಮಿನಲ್ಲಿ ಇರುವುದೇನು? ಒಟ್ಟು ಎಂಟು ತುಣುಕುಗಳಿವೆ. ಬಹುಪಾಲು 'ಕೋಪ್ಲಾ' ಎಂದು ಸ್ಪೇನಿನವರು ಕರೆಯುವ ಹಾಡುಗಳು. ಕೋಪ್ಲಾ ಎಂದರೆ ಕಳೆದ ಶತಮಾನದ ಮೂವತ್ತು, ನಲವತ್ತು, ಐವತ್ತರ ದಶಕಗಳಲ್ಲಿ ರಂಗಭೂಮಿ, ರೇಡಿಯೋ, ಸಿನಿಮಾಗಳ ಮೂಲಕ ಮನೆಮನೆಗೆ ಹಬ್ಬಿದ, ಮೂರು ನಾಲ್ಕು ನಿಮಿಷದಲ್ಲಿ ಒಂದು ಇಡೀ ಕಥೆ ಹೇಳಿ ಮುಗಿಸುವ ಹಾಡು. ಮೋಸಹೋದ ಹೆಣ್ಣು, ಬಾರದ ಪ್ರಿಯಕರ, ಗೂಳಿಕಾಳಗದ ಹುಡುಗ, ಸಿರಿವಂತನನ್ನು ಕೂಡಿಕೊಂಡು ಸೊರಗಿದ ಜಿಪ್ಸಿ ಯುವತಿ: ಇಂಥವರು ಅದರ ನಾಯಕ ನಾಯಕಿಯರು. ಸೆವಿಯ್ಯಾದ ಮಾನುಯೆಲ್ ಕಿರೋಗಾ ಅವುಗಳಲ್ಲಿ ಅತ್ಯುತ್ತಮವಾದ ಅನೇಕವಕ್ಕೆ ಸಂಗೀತ ಕೊಟ್ಟವರು. ರಫಾಯೆಲ್ ದೆ ಲಿಯೋನ್ ಮಾತು ಬರೆದವರಲ್ಲಿ ಮುಖ್ಯರು. ಕೊಂಚಾ ಪಿಕೇರ್, ಹ್ವಾನಿತಾ ರೇನಾ, ಮರಿಫೆ ದೆ ತ್ರಿಯಾನಾ ಮುಂತಾದ ಗಾಯಕಿಯರ ಕಂಠದಲ್ಲಿ ಅವು ನೆಲೆಸಿದವು. ಫ್ಲಮೆಂಕೊ ಇದಲ್ಲ. ಅದು ಬೇರೆಯದೇ ಶಿಸ್ತು, ಅದಕ್ಕೆ ತನ್ನದೇ ಪ್ರಕಾರಗಳು, ತನ್ನದೇ ತಾಳಗಳು. ಆದರೆ ಎರಡೂ ಹುಟ್ಟಿದ್ದು ಆಂದಲೂಸಿಯಾದ ಒಂದೇ ಬೀದಿಗಳಲ್ಲಿ. ಒಂದೇ ಮನೆಯಲ್ಲಿ ತಂದೆ ಒಂದನ್ನು, ತಾಯಿ ಇನ್ನೊಂದನ್ನು ಗುನುಗುತ್ತಿದ್ದಂತೆ.

ಅಲ್ಹೆಸಿರಾಸ್ ಎಂಬ ಬಂದರು ಪಟ್ಟಣದ ಪಾಕೊ ಅವರ ಮನೆಯ ಮಟ್ಟಿಗೆ ತಂದೆಯ ಪಾಲು ಎಲ್ಲರಿಗೂ ಗೊತ್ತಿದೆ. ತಂದೆ ಅಂತೋನಿಯೊ ಸಾಂಚೆಸ್ ಗಿಟಾರು ನುಡಿಸಿ ಸಂಸಾರ ತೂಗಿಸಿದವರು; ಮಗನನ್ನು ದಿನವಿಡೀ ಅಭ್ಯಾಸಕ್ಕೆ ಕೂರಿಸಿದವರು. ತಾಯಿ ಪೋರ್ಚುಗಲ್ಲಿನವರು, ಹೆಸರು ಲುಸಿಯಾ. ಬೀದಿಯಲ್ಲಿ ಪಾಕೊ ಎಂಬ ಹುಡುಗರು ಬಹಳವಿದ್ದುದರಿಂದ ಇವನು ಲುಸಿಯಾಳ ಪಾಕೊ ಆದ. ನಮ್ಮ ಕಡೆಯೂ ಒಂದೇ ಹೆಸರಿನ ನಾಲ್ವರಿದ್ದರೆ ತಾಯಿಯ ಹೆಸರಿನಿಂದಲೇ ಗುರುತಿಸುವುದುಂಟು. ಫ್ರಾನ್ಸಿಸ್ಕೊ ಸಾಂಚೆಸ್ ಗೋಮೆಸ್ ಎಂಬ ದಾಖಲೆಯ ಹೆಸರು ಹಿಂದೆ ಸರಿದು, ಲೋಕಕ್ಕೆ ಗೊತ್ತಾದದ್ದು ಆ ಬೀದಿಯ ಹೆಸರೇ.

ನಿಮ್ಮ ಲೇಖಕರ ತೀರ್ಪಿಗೆ ಒಂದು ಹಿನ್ನೆಲೆಯಿದೆಯೆಂಬುದನ್ನು ನಾನು ಒಪ್ಪುತ್ತೇನೆ. ಅವರೊಬ್ಬರೇ ಅಲ್ಲ, ಪಾಕೊ ಅವರ ನಿಷ್ಠಾವಂತ ಕೇಳುಗರಲ್ಲಿ ಬಹುಮಂದಿ ಈ ಆಲ್ಬಮ್ಮಿನ ಮುಂದೆ ತಬ್ಬಿಬ್ಬಾದರು. 1987ರ 'ಸಿರೋಕೊ' ಕೇಳಿದವರಿಗೆ, 1998ರಲ್ಲಿ ತಾಯಿಯ ನೆನಪಿಗೆ ಅರ್ಪಿಸಿದ 'ಲುಸಿಯಾ' ಕೇಳಿದವರಿಗೆ, ಅವರಿಂದ ಮುಂದೆ ಬರುವುದು ಇನ್ನೂ ಆಳದ್ದು, ಇನ್ನೂ ಕಠಿಣವಾದದ್ದು ಎಂಬ ನಿರೀಕ್ಷೆ ಸಹಜ. 1980ರ ಡಿಸೆಂಬರಿನಲ್ಲಿ ಗಿಟಾರ್ ವಾದಕರಾದ ಜಾನ್ ಮೆಕ್‌ಲಾಫ್ಲಿನ್ ಮತ್ತು ಅಲ್ ಡಿ ಮಿಯೋಲಾ ಜೊತೆ ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ಥಿಯೇಟರಿನಲ್ಲಿ ನಡೆಸಿದ ಕಚೇರಿಯ ಧ್ವನಿಮುದ್ರಣದ ಮೂಲಕ ಅವರನ್ನು ತಿಳಿದವರ ನಿರೀಕ್ಷೆಯೇ ಬೇರೆ: ತೋರುಬೆರಳು, ನಡುಬೆರಳುಗಳು ಒಂದಾದ ಮೇಲೊಂದು ತಂತಿಯ ಮೇಲೆ ಓಡುವ, 'ಪಿಕಾದೊ' ಎಂದು ಕರೆಯುವ ಆ ಮಿಂಚಿನ ವೇಗ. ನನ್ನ ಪರಿಚಯವೂ ಆ ಕ್ಯಾಸೆಟ್ಟಿನಿಂದಲೇ ಆರಂಭವಾಯಿತು. ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಿಂದ ಬಂದ ನನ್ನ ಭಾವ ಅದನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದರು; ನಮ್ಮ ಟೇಪ್‌ರೆಕಾರ್ಡರ್ ಅದರ ಒಂದು ಬದಿಯನ್ನು ನುಂಗಿಹಾಕುವವರೆಗೂ ನಾವು ಕೇಳಿದೆವು. ವೇಗದ ಮೋಹದಿಂದ ಕೇಳಲು ಬಂದವರಿಗೆ ಕೊನೆಯ ಆಲ್ಬಮ್ ನಿಧಾನವಾಗಿ, ಹಾಡಿನ ಅಂಚನ್ನು ಬಿಡದೆ ನಡೆಯುವುದು ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ.

ಆದರೆ ಸಪ್ಪೆ ಎನ್ನುವ ಮಾತನ್ನು ಆಡುವ ಮೊದಲು 'ಓಹೋಸ್ ವೆರ್ದೆಸ್', ಅಂದರೆ 'ಹಸಿರು ಕಣ್ಣುಗಳು' ಎಂಬ ಹಾಡನ್ನು ತೆಗೆದುಕೊಳ್ಳೋಣ. ಆಲ್ಬಮ್ಮಿನಲ್ಲಿ ಅದು ಮಾತಿಲ್ಲದೆ, ಗಿಟಾರಿನಲ್ಲಿ ಮಾತ್ರ ಇದೆ. ಮೂಲ ಹಾಡಿನಲ್ಲಿ, ಮೇ ತಿಂಗಳ ಒಂದು ರಾತ್ರಿ ವೇಶ್ಯಾಗೃಹದ ಬಾಗಿಲ ಚೌಕಟ್ಟಿಗೆ ಒರಗಿ ನಿಂತ ಹೆಣ್ಣೊಬ್ಬಳು ಬೀದಿಯನ್ನು ನೋಡುತ್ತಿದ್ದಾಳೆ. ಕುದುರೆಯ ಮೇಲೆ ಬಂದ ಗಂಡಸೊಬ್ಬ ಬೆಂಕಿ ಇದೆಯೇ ಎಂದು ಕೇಳುತ್ತಾನೆ. ಅವನ ಕಣ್ಣು ಹಸಿರು; ಸುಗಂಧದ ಸೊಪ್ಪಿನಂತೆ, ಎಳೆ ಗೋಧಿಯ ತೆನೆಯಂತೆ, ನಿಂಬೆಯ ಹಸಿರಿನಂತೆ ಎಂದು ಅವಳು ಬಣ್ಣಿಸುತ್ತ ಹೋಗುತ್ತಾಳೆ. ಬೆಳಗಾಗುತ್ತದೆ. ಹೊರಡುವಾಗ ಅವನು ಹಣ ಕೊಡಲು ಬಂದರೆ ಅವಳು ಬೇಡವೆನ್ನುತ್ತಾಳೆ. ಇಷ್ಟೇ ಕಥೆ. ಆ 'ಬೇಡ' ಎನ್ನುವ ಜಾಗಕ್ಕೆ ರಾಗ ಬರುವಾಗ, ಕಥೆ ಗೊತ್ತಿರುವ ಕೇಳುಗ ಉಸಿರು ಬಿಗಿಹಿಡಿಯುತ್ತಾನೆ. ಗೊತ್ತಿಲ್ಲದವನಿಗೆ ಅದು ಇಂಪಾದ ಒಂದು ಸ್ವರಸಾಲು, ಅಷ್ಟೆ.

ನಾನು ಹದಿನೈದು ವರ್ಷ ವೀಣೆ ಕಲಿತು, ಕಚೇರಿ ಮಾಡುವ ಮಟ್ಟಕ್ಕೆ ಏರದೆ ಉಳಿದವಳು. ನುಡಿಸುವುದು ಅಷ್ಟಕ್ಕಷ್ಟೇ ಆದರೂ ಕೇಳುವ ಅಭ್ಯಾಸ ಉಳಿದಿದೆ. ವೀಣೆ ಶೇಷಣ್ಣನವರ ಊರಿನಲ್ಲಿ ಬೆಳೆದವರಿಗೆ ನಮ್ಮ ಗುರುಗಳು ಮೊದಲ ದಿನವೇ ಹೇಳುತ್ತಿದ್ದ ಮಾತೊಂದಿತ್ತು: ಸಾಹಿತ್ಯ ಬಾಯಲ್ಲಿ ಇಲ್ಲದೆ ಕೃತಿಯನ್ನು ಮೀಟಬೇಡ, ಎಲ್ಲಿ ಪದ ಒಡೆಯುತ್ತದೋ ಅಲ್ಲಿ ಮೀಟು. ವೀಣೆಯಲ್ಲಿ 'ಕೃಷ್ಣಾ ನೀ ಬೇಗನೆ ಬಾರೋ' ನುಡಿಸಿದಾಗ ಸಭೆಯಲ್ಲಿ ಕೂತ ಕನ್ನಡದ ಹೆಂಗಸರ ತುಟಿಗಳು ಅಲುಗಾಡುವುದನ್ನು ಯಾರಾದರೂ ನೋಡಬಹುದು. ಅವರು ಕೇಳುತ್ತಿರುವುದು ಯಮುನಾ ಕಲ್ಯಾಣಿಯನ್ನು ಮಾತ್ರವಲ್ಲ, ಮಗುವನ್ನು ಕರೆಯುವ ತಾಯಿಯನ್ನು. ಅದೇ ಸಭೆಯಲ್ಲಿ ಕನ್ನಡ ಬಾರದ ಅತಿಥಿಯೊಬ್ಬರು ಕೂತಿದ್ದರೆ ಅವರು ನಿಧಾನಗತಿಯ ಮಧುರವಾದ ರಾಗವೆಂದು ತಲೆದೂಗಿಯಾರು, ಮೂರನೆಯ ಚರಣದ ಹೊತ್ತಿಗೆ ಕೈಗಡಿಯಾರವನ್ನೂ ನೋಡಿಕೊಂಡಾರು. ಅವರ ಕಿವಿಯಲ್ಲಿ ದೋಷವಿಲ್ಲ. ಅವರಿಗೆ ಅರ್ಧ ಸಂಗೀತ ಮಾತ್ರ ತಲುಪಿದೆ. 'ಕನ್ಸಿಯೋನ್ ಅಂದಲೂಸಾ'ದ ಮುಂದೆ ನಾವೆಲ್ಲರೂ ಆ ಅತಿಥಿಯ ಜಾಗದಲ್ಲಿ ಇದ್ದೇವೆ. ನಿಮ್ಮ ಲೇಖಕರು ಕೈಗಡಿಯಾರ ನೋಡಿಕೊಂಡು ವಿಮರ್ಶೆ ಬರೆದುಬಿಟ್ಟಿದ್ದಾರೆ.

ಇದನ್ನು ನಾನು ಬುದ್ಧಿವಂತಿಕೆಯಿಂದ ಕಂಡುಕೊಂಡದ್ದಲ್ಲ. ನನ್ನ ಮಗಳು ಕೆಲಸದ ನಿಮಿತ್ತ ಮ್ಯಾಡ್ರಿಡ್‌ನಲ್ಲಿದ್ದಾಗ ನಾನು ಅಲ್ಲಿಗೆ ಹೋಗಿ ಎರಡು ತಿಂಗಳಿದ್ದೆ. ಅವಳು ಈ ಆಲ್ಬಮ್ಮನ್ನು ನನಗಾಗಿ ಹಾಕಿದ್ದಳು. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ, ಚೆನ್ನಾಗಿದೆ ಎಂದುಕೊಳ್ಳುತ್ತ, ಅಷ್ಟೇನೂ ಗಮನವಿಲ್ಲದೆ ಕೇಳುತ್ತಿದ್ದೆ. ಎದುರುಮನೆಯ ಎಂಬತ್ತು ದಾಟಿದ ಅಜ್ಜಿ ಏನನ್ನೋ ಕೊಡಲು ಬಂದವರು ಬಾಗಿಲಲ್ಲೇ ನಿಂತು, ಗಿಟಾರಿನ ಜೊತೆಗೆ ಮೆಲ್ಲನೆ ಹಾಡತೊಡಗಿದರು. ಒಂದು ಕಡೆ ಅವರು ನಿಲ್ಲಿಸಿದರು. ಗಿಟಾರೂ ಅಲ್ಲಿಯೇ ನಿಂತಿತ್ತು. ಮಗಳ ಮೂಲಕ ಅವರು ನನಗೆ ಆ ಹೆಣ್ಣಿನ ಕಥೆ ಹೇಳಿದರು. ಅವರು ಚಿಕ್ಕವರಿದ್ದಾಗ ರೇಡಿಯೋದಲ್ಲಿ ಬರುತ್ತಿದ್ದ ಹಾಡಿನಲ್ಲಿ ಹೆಣ್ಣು ನಿಂತಿದ್ದುದು ವೇಶ್ಯಾಗೃಹದ ಬಾಗಿಲಿನಲ್ಲಲ್ಲ, ತನ್ನ ಮನೆಯ ಬಾಗಿಲಿನಲ್ಲಿ ಎಂದರಂತೆ. ಆ ಬದಲಾವಣೆಯ ಕಾರಣ ನಾನು ಆಮೇಲೆ ತಿಳಿದುಕೊಂಡೆ. ಸ್ಪೇನಿನ ಸರ್ವಾಧಿಕಾರಿ ಜನರಲ್ ಫ್ರಾಂಕೊನ ಆಡಳಿತದ ಸೆನ್ಸಾರು ಮೂಲದ ಪದವನ್ನು ಒಪ್ಪದೆ ಅದರ ಜಾಗದಲ್ಲಿ 'ನನ್ನ ಮನೆ' ಎಂದು ಹಾಡಿಸಿತ್ತು. ಆಮೇಲೆ ನಾನು ಅದೇ ತುಣುಕನ್ನು ಕೇಳಿದಾಗ ಈರುಳ್ಳಿ ಹೆಚ್ಚುವುದು ಸಾಧ್ಯವಾಗಲಿಲ್ಲ.

ಇಲ್ಲಿ ಇನ್ನೊಂದು ಬಗೆಯ ಕೇಳುಗರನ್ನು ನೆನೆಯಬೇಕು. ಸ್ಪೇನಿನಲ್ಲಿ, ವಿಶೇಷವಾಗಿ ಸರ್ವಾಧಿಕಾರದ ಕೊನೆಯ ವರ್ಷಗಳಲ್ಲಿ ಪ್ರಾಯಕ್ಕೆ ಬಂದವರಲ್ಲಿ, ಕೋಪ್ಲಾ ಎಂದರೆ ಮೂಗು ಮುರಿಯುವವರು ಬಹಳವಿದ್ದರು. 1939ರಿಂದ 1975ರವರೆಗಿನ ಫ್ರಾಂಕೊ ಆಳ್ವಿಕೆ ಈ ಹಾಡುಗಳನ್ನು ದೇಶದ ಅಧಿಕೃತ ಸೊಬಗು ಎಂಬಂತೆ ಬಳಸಿಕೊಂಡಿತು. ಹೀಗಾಗಿ ಅವುಗಳಿಗೆ ಆ ಕಾಲದ ವಾಸನೆ ಹತ್ತಿಕೊಂಡಿತು. ಮಹಾನ್ ಪಾಕೊ ಕೊನೆಗೆ ಅಲ್ಲಿಗೆ ಹೋದರೇ ಎಂಬ ಬೇಸರ ಆ ತಲೆಮಾರಿನ ಕೆಲವರಿಗೆ ಆಗಿದ್ದರೆ ಅದನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಚರಿತ್ರೆ ಅಷ್ಟು ಸರಳವಾಗಿಲ್ಲ. 'ಹಸಿರು ಕಣ್ಣುಗಳು' ಹಾಡಿ ಹೆಸರಾದ ಮಿಗೆಲ್ ದೆ ಮೊಲಿನಾ ಎಂಬ ಗಾಯಕನನ್ನು ಅವನ ನಿಲುವಿಗಾಗಿ, ಸಲಿಂಗಪ್ರೇಮಕ್ಕಾಗಿ, ಆ ಆಡಳಿತದ ಜನರೇ ಹೊಡೆದು ಬಡಿದರು. ಅವನು ಅರ್ಜೆಂಟೀನಾಕ್ಕೆ ವಲಸೆ ಹೋಗಬೇಕಾಯಿತು. ಹಾಡನ್ನು ಆಳುವವರು ಬಳಸಿಕೊಂಡರು, ಆಳಿಸಿಕೊಂಡವರು ಅದೇ ಹಾಡಿನಲ್ಲಿ ತಮ್ಮ ಬಚ್ಚಿಟ್ಟ ಸಂಕಟವನ್ನು ಹಾಡಿಕೊಂಡರು. ಎದುರುಮನೆಯ ಅಜ್ಜಿ ಎರಡನೆಯ ಗುಂಪಿನವರು.

ಶುದ್ಧ ಫ್ಲಮೆಂಕೊ ಬಿಟ್ಟು ಹಗುರವಾದದ್ದಕ್ಕೆ ಇಳಿದರು ಎಂಬ ಆಕ್ಷೇಪವಂತೂ ಆ ಕಲೆಯ ಚರಿತ್ರೆಯಷ್ಟೇ ಹಳೆಯದು. 1922ರಲ್ಲಿ ಸಂಗೀತ ರಚನಕಾರ ಮಾನುಯೆಲ್ ದೆ ಫಾಯಾ, ಕವಿ ಲೋರ್ಕಾ ಮುಂತಾದವರು ಸೇರಿ ಗ್ರಾನಡಾದಲ್ಲಿ ನಡೆಸಿದ ಸ್ಪರ್ಧೆಯ ಉದ್ದೇಶವೇ 'ಆಳದ ಗಾಯನ'ವನ್ನು ಬೆಡಗಿನ ದಾಳಿಯಿಂದ ಕಾಪಾಡುವುದಾಗಿತ್ತು. ಅಲ್ಲಿ ಬಾಲಕನಾಗಿ ಬಹುಮಾನ ಪಡೆದ ಮನೋಲೊ ಕರಕೋಲ್ ಮುಂದೆ ಲೋಲಾ ಫ್ಲೋರೆಸ್ ಜೊತೆ ರಂಗದ ಮೇಲೆ 'ಸಾಂಬ್ರಾ'ಗಳನ್ನು, ಅಂದರೆ ಕೋಪ್ಲಾವನ್ನೂ ಫ್ಲಮೆಂಕೊವನ್ನೂ ಬೆಸೆದ ಹಾಡುಗಳನ್ನು ವಾದ್ಯವೃಂದದೊಂದಿಗೆ ಹಾಡಿ ಮಡಿವಂತರಿಂದ ಬೈಸಿಕೊಂಡ. 1979ರಲ್ಲಿ ಫ್ಲಮೆಂಕೊ ಗಾಯಕ ಕಾಮರೋನ್ ದೆ ಲಾ ಇಸ್ಲಾ 'ಲಾ ಲೆಯೆಂದಾ ದೆಲ್ ತಿಯೆಂಪೊ' ತಂದಾಗ, ಇದು ನಮ್ಮ ಕಾಮರೋನ್ ಅಲ್ಲವೆಂದು ಕೆಲವರು ಡಿಸ್ಕನ್ನು ಅಂಗಡಿಗೆ ವಾಪಸು ಕೊಟ್ಟರೆಂಬುದು ಫ್ಲಮೆಂಕೊ ಲೋಕದಲ್ಲಿ ಪ್ರಸಿದ್ಧವಾದ ಮಾತು. ಈಗ ಆ ಡಿಸ್ಕು ಆ ಕಲೆಯ ಮೈಲಿಗಲ್ಲು. ಸ್ವತಃ ಪಾಕೊ ಎಪ್ಪತ್ತರ ದಶಕದಲ್ಲಿ ಪೆರು ದೇಶದಲ್ಲಿ ಕಂಡ 'ಕಹೋನ್' ಎಂಬ ಮರದ ಪೆಟ್ಟಿಗೆಯ ತಾಳವಾದ್ಯವನ್ನು ತಂದು ಫ್ಲಮೆಂಕೊಗೆ ಸೇರಿಸಿದರು. ಇಂದು ಅದಿಲ್ಲದ ಮೇಳ ಅಪರೂಪ. ಪಿಟೀಲನ್ನು ನಮ್ಮದು ಮಾಡಿಕೊಂಡು ಚೌಡಯ್ಯನವರ ಏಳು ತಂತಿಗಳವರೆಗೆ ಬೆಳೆಸಿದ ನಾವು ಈ ವಿಷಯದಲ್ಲಿ ಹುಬ್ಬೇರಿಸುವ ಹಾಗಿಲ್ಲ.

ಆದರೆ ಲೇಖನದಲ್ಲಿ ನನಗೆ ಸರಿಯೆನಿಸದ ಮುಖ್ಯ ಸಂಗತಿ ಇದಲ್ಲ. ವಯಸ್ಸಾದ ಮೇಲೆ ಮೆತ್ತಗಾಗಿ ಹಳೆಯ ಹಾಡುಗಳಿಗೆ ಮೊರೆಹೋದರು ಎಂಬ ಧ್ವನಿ ಅದರಲ್ಲಿದೆ. 1967ರಲ್ಲಿ, ಇನ್ನೂ ಇಪ್ಪತ್ತು ತುಂಬದ ಪಾಕೊ ತಮ್ಮ ಅಣ್ಣ ರಮೋನ್ ದೆ ಅಲ್ಹೆಸಿರಾಸ್ ಜೊತೆಗೂಡಿ ಎರಡು ಗಿಟಾರುಗಳಲ್ಲಿ ಆಂದಲೂಸಿಯಾದ ಹಾಡುಗಳನ್ನು ನುಡಿಸಿದ ಒಂದು ಡಿಸ್ಕು ಹೊರಬಂದಿತ್ತು. ಹೆಸರೂ 'ಎರಡು ಗಿಟಾರುಗಳಿಗೆ ಆಂದಲೂಸಿಯಾದ ಹಾಡುಗಳು' ಎಂದೇ. ಅಣ್ಣ 2009ರಲ್ಲಿ ತೀರಿಕೊಂಡರು. ಮುಂದೆ ಪಾಕೊ ಅದೇ ಬಗೆಯ ಹಾಡುಗಳಿಗೆ ಮರಳಿ, ಈ ಸಲ ಹಲವು ಗಿಟಾರುಗಳನ್ನು ತಾವೊಬ್ಬರೇ ಒಂದರ ಮೇಲೊಂದು ನುಡಿಸಿ ಸೇರಿಸಿದರು. ಇದು ಮೆತ್ತಗಾದುದೋ, ನಲವತ್ತೇಳು ವರ್ಷ ಬಾಕಿ ಉಳಿದಿದ್ದ ಒಂದು ಕೆಲಸವನ್ನು ಮುಗಿಸಿದ್ದೋ ಎಂಬುದನ್ನು ಎರಡೂ ಡಿಸ್ಕುಗಳನ್ನು ಕೇಳಿದವರು ನಿರ್ಧರಿಸಲಿ. ಹುಡುಗನ ಕೈಯಲ್ಲಿ ಹಾಡು ಚೊಕ್ಕಟವಾಗಿದೆ, ವಿಧೇಯವಾಗಿದೆ. ಹಿರಿಯನ ಕೈಯಲ್ಲಿ ಅದು ಪಲ್ಲವಿಗೆ ಬರುವ ಮೊದಲು ತಡೆಯುತ್ತದೆ, ಒಂದು ಸ್ವರ ಹೇಳಬೇಕಾದಲ್ಲಿ ಅದನ್ನು ಹೇಳದೆ ಪಕ್ಕದ ಸ್ವರದಿಂದ ಮುಟ್ಟಿಸುತ್ತದೆ.

ತಾವು ಮೂಲತಃ ಗಾಯಕರಾಗಬೇಕೆಂದಿದ್ದವರೆಂದೂ, ಸಂಕೋಚದಿಂದ ಗಿಟಾರಿನ ಹಿಂದೆ ಅಡಗಿದವರೆಂದೂ ಪಾಕೊ ಹಲವು ಸಲ ಹೇಳಿಕೊಂಡಿದ್ದಾರೆ. ಕಾಮರೋನ್ ಜೊತೆ 1969ರಿಂದ 1977ರವರೆಗೆ ಮಾಡಿದ ಧ್ವನಿಮುದ್ರಣಗಳಲ್ಲಿ ಅವರು ಬೇರೊಬ್ಬನ ಕಂಠದ ಪಕ್ಕದಲ್ಲಿ ಕೂತಿದ್ದರು. ಕಾಮರೋನ್ 1992ರಲ್ಲಿ ಸತ್ತ ಮೇಲೆ 'ಲುಸಿಯಾ' ಆಲ್ಬಮ್ಮಿನ ಕೊನೆಯಲ್ಲಿ ಅವನಿಗಾಗಿ ತಮ್ಮದೇ ಒರಟು ದನಿಯಲ್ಲಿ ಒಮ್ಮೆ ಹಾಡಿದರು. ಕೊನೆಯ ಆಲ್ಬಮ್ಮಿನಲ್ಲಿ ಗಾಯಕಿಯ ಕುರ್ಚಿಯಲ್ಲಿ ಗಿಟಾರನ್ನೇ ಕೂರಿಸಿದರು. ಇದು ಮಾತಿಗೆ ಸುಲಭ, ತಂತಿಗೆ ಕಷ್ಟ. ಫ್ಲಮೆಂಕೊ ಗಿಟಾರಿನಲ್ಲಿ ಮೀಟಿದ ಸ್ವರ ಬೇಗ ಸಾಯುತ್ತದೆ. ಲಯಕ್ಕೆ ಅದು ಅನುಕೂಲ, ಹಾಡಿಗೆ ಶತ್ರು. ಕೊಂಚಾ ಪಿಕೇರ್ ಒಂದು ಸ್ವರವನ್ನು ಹಿಡಿದು ಬೆಳೆಸುವ ಕಡೆ ಗಿಟಾರಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಆಗ ವಾದಕ ಮಾಡಬಹುದಾದದ್ದು ಎರಡೇ: ಒಂದೋ ಆ ಖಾಲಿಯನ್ನು ಬೆರಳುಗಳ ಓಟದಿಂದ ತುಂಬುವುದು, ಇಲ್ಲವೇ ಖಾಲಿಯನ್ನು ಖಾಲಿಯಾಗಿಯೇ ಬಿಟ್ಟು ಕೇಳುಗನ ನೆನಪು ಅದನ್ನು ತುಂಬಲೆಂದು ನಂಬುವುದು. ಜಗತ್ತಿನಲ್ಲೇ ಅತ್ಯಂತ ವೇಗದ ಕೈಗಳಲ್ಲಿ ಒಂದಾದ ಆ ಕೈ ಇಲ್ಲಿ ಮತ್ತೆಮತ್ತೆ ಎರಡನೆಯದನ್ನು ಆರಿಸಿಕೊಂಡಿದೆ. ಅದನ್ನು ಸಪ್ಪೆಯೆಂದರೆ ನಾನು ಒಪ್ಪಲಾರೆ.

ಬೇಕಾದವರಿಗೆ ಬೆಂಕಿಯೂ ಇದೆ. 'ಕಿರೋಗಾ ಪೋರ್ ಬುಲೆರಿಯಾಸ್' ಎಂಬ ತುಣುಕಿನಲ್ಲಿ ಕಿರೋಗಾ ಅವರ ರಾಗಗಳನ್ನು ಫ್ಲಮೆಂಕೊದ ಒಂದು ಪ್ರಕಾರವಾದ ಬುಲೆರಿಯಾದ ತಾಳಕ್ಕೆ ಕೂರಿಸಿದ್ದಾರೆ. ಹನ್ನೆರಡು ಎಣಿಕೆಯ ಆವರ್ತ ಅದು. ಪೆಟ್ಟುಗಳು ಹನ್ನೆರಡು, ಮೂರು, ಆರು, ಎಂಟು, ಹತ್ತರ ಮೇಲೆ ಬೀಳುತ್ತವೆ, ಅಂದರೆ ಮೂರು ಮೂರು ಎರಡು ಎರಡು ಎರಡು. ಬೆರಳಲ್ಲಿ ಎಣಿಸಿ ಅಭ್ಯಾಸವಿರುವ ನಮ್ಮವರಿಗೆ ಎರಡು ಮೂರು ಸಲ ಕೇಳಿದರೆ ಹಿಡಿತಕ್ಕೆ ಸಿಗುತ್ತದೆ. ಸ್ವರದ ಕಡೆಯಿಂದಲೂ ನಾವು ಪೂರ್ತಿ ಅಪರಿಚಿತರಲ್ಲ. ಫ್ಲಮೆಂಕೊ ಬಹಳವಾಗಿ ಬಳಸುವ ಸ್ವರಶ್ರೇಣಿಗಳು ನಮ್ಮ ಹನುಮತೋಡಿ ಮತ್ತು ವಕುಳಾಭರಣ ಮೇಳಗಳ ಸ್ವರಗಳೇ. ಒಂದೇ ಪದಗುಚ್ಛದಲ್ಲಿ ಎರಡೂ ಗಾಂಧಾರಗಳು ಎದುರಾಗುವ ಸೊಗಸು ಅಲ್ಲಿಯದು. ಜಿಪ್ಸಿಗಳು ಸಾವಿರ ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರೆಂಬುದನ್ನು ಅವರ ಭಾಷೆಯೇ ಸಾರುತ್ತದೆ ಎಂಬುದು ನಿಜ. ಹಾಗೆಂದು ಫ್ಲಮೆಂಕೊವೇ ನಮ್ಮದೆಂದು ಹೆಮ್ಮೆಪಡುವ, ನಿಮ್ಮ ಲೇಖನದಲ್ಲೂ ಇಣುಕಿದ ಅವಸರಕ್ಕೆ ಅದು ಆಧಾರವಾಗದು. ಸ್ವರಸ್ಥಾನ ಒಂದೇ ಎಂದ ಮಾತ್ರಕ್ಕೆ ಸಂಗೀತ ಒಂದೇ ಆಗುವುದಿಲ್ಲ.

ಈ ಆಲ್ಬಮ್ಮಿನಲ್ಲಿ ಕೊರತೆಗಳೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಮೂರು ತುಣುಕುಗಳಲ್ಲಿ ಹಾಡುಗಾರರಿದ್ದಾರೆ. 'ತೆ ಎ ದೆ ಕೆರೆರ್ ಮಿಯೆಂತ್ರಾಸ್ ವಿವಾ'ದಲ್ಲಿ ಎಸ್ತ್ರೆಯಾ ಮೊರೆಂತೆ ಹಾಡಿರುವುದು ಸೊಗಸಾಗಿದೆ. ಬದುಕಿರುವವರೆಗೂ ನಿನ್ನನ್ನು ಪ್ರೀತಿಸುತ್ತೇನೆ ಎಂಬ ಶೀರ್ಷಿಕೆಯನ್ನು ಕಲಾವಿದರ ಸಾವಿನೊಂದಿಗೆ ಗಂಟುಹಾಕಿ ಕೇಳುವುದನ್ನು ಮಾತ್ರ ದಯವಿಟ್ಟು ಬಿಡೋಣ. ಪರ್ರಿತಾ ಹಾಡಿರುವ ಸಾಂಬ್ರಾ ನನಗೆ ಎರಡನೆಯ ಸಲ ಹಿಡಿಸಿತು. ವೆನೆಜುವೆಲಾದ ಸಾಲ್ಸಾ ಗಾಯಕ ಒಸ್ಕಾರ್ ದೆ ಲಿಯೋನ್ ಹಾಡಿರುವ 'ಸೆನ್ಯೊರೀತಾ' ಮಾತ್ರ ಎಷ್ಟು ಸಲ ಕೇಳಿದರೂ ಬೇರೆ ಮನೆಯಿಂದ ಬಂದ ನೆಂಟನಂತೆಯೇ ಇದೆ. ಒಳ್ಳೆಯ ನೆಂಟನೇ, ನಗುಮೊಗದವನೇ; ಆದರೆ ಉಳಿದ ಏಳು ಹಾಡುಗಳು ಕಟ್ಟಿದ ಕೋಣೆಯಲ್ಲಿ ಅವನಿಗೆ ಜಾಗವಿಲ್ಲ. ಒಬ್ಬರೇ ಹಲವು ಗಿಟಾರುಗಳನ್ನು ನುಡಿಸಿ ಸೇರಿಸಿದಾಗ ಎದುರುಬದುರು ಕೂತ ಇಬ್ಬರ ನಡುವೆ ಹುಟ್ಟುವ ಸಣ್ಣ ಜಗಳ, ಸಣ್ಣ ಆಶ್ಚರ್ಯ ಇಲ್ಲವಾಗುತ್ತದೆ ಎಂಬುದೂ ನಿಜ. ಅಣ್ಣನ ಗಿಟಾರು ಅಲ್ಲಿ ಇದ್ದಿದ್ದರೆ ಎಂದು ನನಗೆ ಒಂದೆರಡು ಕಡೆ ಅನ್ನಿಸಿದೆ.

2014ರ ನವೆಂಬರಿನಲ್ಲಿ ಈ ಆಲ್ಬಮ್ಮಿಗೆ ವರ್ಷದ ಅತ್ಯುತ್ತಮ ಆಲ್ಬಮ್ ಎಂಬ ಲ್ಯಾಟಿನ್ ಗ್ರ್ಯಾಮಿ ಬಂತು. ಅತ್ಯುತ್ತಮ ಫ್ಲಮೆಂಕೊ ಆಲ್ಬಮ್ ಎಂಬುದೂ ಬಂತು. ಅನುಕಂಪದ ಪ್ರಶಸ್ತಿ ಎಂದು ನಿಮ್ಮ ಲೇಖಕರು ಸೂಚಿಸಿದ್ದಾರೆ. ಇದ್ದರೂ ಇರಬಹುದು, ಪ್ರಶಸ್ತಿ ಸಮಿತಿಗಳ ಮನಸ್ಸನ್ನು ಅಳೆಯುವ ಕೋಲು ನನ್ನಲ್ಲಿಲ್ಲ. ಆದರೆ ಎರಡನೆಯ ಪ್ರಶಸ್ತಿಯ ಹೆಸರೇ ವಿಚಿತ್ರವೆನಿಸುತ್ತದೆ. ಫ್ಲಮೆಂಕೊ ಅಲ್ಲವೆಂದು ಮಡಿವಂತರು ದೂರಿದ ಹಾಡುಗಳಿಗೆ ಫ್ಲಮೆಂಕೊ ಪ್ರಶಸ್ತಿ! ಕರಕೋಲ್ ಬದುಕಿದ್ದರೆ ನಗುತ್ತಿದ್ದ.

ನಮ್ಮ ಬಡಾವಣೆಯಲ್ಲಿ ತಿಂಗಳಿಗೊಮ್ಮೆ ಐದಾರು ಮಂದಿ ಸೇರಿ ಸಂಗೀತ ಕೇಳುವ ರೂಢಿಯಿದೆ. ನಿಮ್ಮ ಲೇಖನ ಬಂದ ಮೇಲೆ ಒಂದು ಪ್ರಯೋಗ ಮಾಡಿದೆವು. ಮೊದಲು ಏನನ್ನೂ ಹೇಳದೆ ಮೂರು ತುಣುಕುಗಳನ್ನು ಕೇಳಿಸಿದೆ. ಸಾಫ್ಟ್‌ವೇರ್ ಕೆಲಸದಲ್ಲಿರುವ, ಸ್ವತಃ ಗಿಟಾರು ಕಲಿಯುತ್ತಿರುವ ಹುಡುಗ, ಇದು ಅವರ ಮಟ್ಟದ್ದಲ್ಲ ಎಂದ. ನಿವೃತ್ತ ಎಂಜಿನಿಯರರೊಬ್ಬರು ಹೋಟೆಲಿನ ಲಾಬಿಯಲ್ಲಿ ಕೇಳಿಸುವ ಹಾಗಿದೆ ಎಂದರು. ಅದು ನನಗೆ ಚುಚ್ಚಿತು, ಆದರೆ ಸುಳ್ಳೆನ್ನುವ ಹಾಗಿರಲಿಲ್ಲ. ಆಮೇಲೆ ಮೂರೂ ಹಾಡುಗಳ ಕಥೆಯನ್ನು ಕನ್ನಡದಲ್ಲಿ ಹೇಳಿ, ಅದೇ ಹಾಡುಗಳನ್ನು ಹಳೆಯ ಗಾಯಕಿಯರ ಕಂಠದಲ್ಲಿ ಒಂದೊಂದು ಸಲ ಕೇಳಿಸಿ, ಮತ್ತೆ ಗಿಟಾರಿಗೆ ಬಂದೆವು. 'ಮರಿಯಾ ದೆ ಲಾ ಓ' ಬಂದಾಗ, ಎಲ್ಲ ಇದ್ದೂ ಏನೂ ಇಲ್ಲದ ಆ ಜಿಪ್ಸಿ ಹೆಣ್ಣನ್ನು ಹೆಸರು ಹಿಡಿದು ಕರೆಯುವ ಸಾಲು ಗಿಟಾರಿನಲ್ಲಿ ಬರುತ್ತಿದ್ದಂತೆ, ಎಂಜಿನಿಯರರು 'ಇಲ್ಲೇ ಅಲ್ಲವೇ ಅವಳ ಹೆಸರು?' ಎಂದು ಕೇಳಿದರು. ಅಲ್ಲೇ. ಹುಡುಗ ಮಾತ್ರ ತನ್ನ ಅಭಿಪ್ರಾಯ ಬದಲಿಸಲಿಲ್ಲ. 'ಸಿರೋಕೊ' ಇದಕ್ಕಿಂತ ದೊಡ್ಡದು ಎಂದ. ಅವನ ಮಾತನ್ನೂ ನಾನು ಗೌರವಿಸುತ್ತೇನೆ, ಏಕೆಂದರೆ ಈಗ ಅವನು ಎರಡನ್ನೂ ಕೇಳಿ ಹೇಳುತ್ತಿದ್ದಾನೆ.

ಕೊನೆಯ ಕೃತಿಗಳ ಬಗ್ಗೆ ಅಷ್ಟೊಂದು ಕುತೂಹಲವುಳ್ಳ ನಿಮ್ಮ ಲೇಖಕರ ಗಮನಕ್ಕೆ ಬಾರದೆ ಹೋದ ಒಂದು ಸಂಗತಿ ಈ ಆಲ್ಬಮ್ಮಿನೊಳಗೇ ಇದೆ. ಅದರಲ್ಲಿ 'ಲಾ ಚಿಕೀತಾ ಪಿಕೊನೇರಾ' ಎಂಬ ಹಾಡಿದೆ, ಇದ್ದಿಲು ಮಾರುವ ಹುಡುಗಿಯ ಹಾಡು. ಅದರ ಹಿಂದಿರುವುದು ಕೊರ್ದೊಬಾ ನಗರದ ಚಿತ್ರಕಾರ ಹೂಲಿಯೊ ರೊಮೆರೊ ದೆ ತೊರ್ರೆಸ್ ಅದೇ ಹೆಸರಿನಲ್ಲಿ ಬರೆದ ಚಿತ್ರ. ಕುರ್ಚಿಯಲ್ಲಿ ಕೂತ ಹುಡುಗಿ ಅಗ್ಗಿಷ್ಟಿಕೆಯ ಮೇಲೆ ಬಾಗಿ, ಅದನ್ನು ಕೆದಕುತ್ತ ನಮ್ಮ ಕಡೆ ನೋಡುತ್ತಾಳೆ. ಹಿಂದೆ ಮಬ್ಬುಗತ್ತಲಲ್ಲಿ ಊರು, ನದಿ. 1930ರ ಆರಂಭದಲ್ಲಿ ಅವರು ಅದನ್ನು ಬರೆದರು, ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಕೊನೆಯ ಮುಖ್ಯ ಕೃತಿಯೆಂದು ಅದಕ್ಕೆ ಹೆಸರು. ಈಗಲೂ ಅವರ ಹೆಸರಿನ ಮ್ಯೂಸಿಯಮ್ಮಿನಲ್ಲಿ ಅದನ್ನು ನೋಡಬಹುದು. ಹೀಗೆ ಒಬ್ಬರ ಕೊನೆಯ ಚಿತ್ರದ ಮೇಲಿನ ಹಾಡು ಇನ್ನೊಬ್ಬರ ಕೊನೆಯ ಆಲ್ಬಮ್ಮಿನಲ್ಲಿ ಬಂದು ಕೂತಿದೆ. ಇದನ್ನು ಯಾರೂ ಯೋಜಿಸಿರಲಿಲ್ಲ. ಚಿತ್ರವನ್ನು ಒಮ್ಮೆ ನೋಡಿ ಆ ತುಣುಕನ್ನು ಕೇಳಿದರೆ ಅದು ಹೋಟೆಲ್ ಲಾಬಿಯಲ್ಲಿ ಹಿಡಿಸುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಇನ್ನು ನಿಮ್ಮಲ್ಲಿ ಎರಡು ವಿನಂತಿ. ಪರಭಾಷೆಯ ಹಾಡುಗಳ ವಾದ್ಯರೂಪವನ್ನು ವಿಮರ್ಶಿಸುವ ಲೇಖನಗಳನ್ನು ಪ್ರಕಟಿಸುವಾಗ ಆ ಹಾಡುಗಳ ತಾತ್ಪರ್ಯವನ್ನು ನಾಲ್ಕೈದು ಸಾಲಿನಲ್ಲಾದರೂ ಪಕ್ಕದಲ್ಲಿ ಕೊಡಿ. ಓದುಗರು ತಾವೇ ಕೇಳಿ ತೂಗಿ ನೋಡಲು ಅನುಕೂಲವಾಗುತ್ತದೆ. ಎರಡನೆಯದು, ನಿಮ್ಮ ಲೇಖನದೊಂದಿಗೆ ಅಚ್ಚಾದ ಛಾಯಾಚಿತ್ರದ ಅಡಿಬರಹದಲ್ಲಿ ಪಾಕೊ ಅವರು ಹುಟ್ಟಿದ್ದು ಮ್ಯಾಡ್ರಿಡ್‌ನಲ್ಲಿ ಎಂದಿದೆ. ಅವರು 1947ರ ಡಿಸೆಂಬರ್ 21ರಂದು ಹುಟ್ಟಿದ್ದು ಅಲ್ಹೆಸಿರಾಸ್‌ನಲ್ಲಿ. ಅವರನ್ನು ಸಮಾಧಿ ಮಾಡಿರುವುದೂ ಅದೇ ಊರಿನಲ್ಲಿ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬೇಕಾಗಿ ಕೋರುತ್ತೇನೆ.

ಇಂತಿ ನಿಮ್ಮ ಓದುಗಳು,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಮೈಸೂರು